ಕಂಪ್ಯೂಟರ್ ರಿಪೇರಿಗೆ ಮೊದಲು ಅರ್ಥಿಂಗ್ ನೋಡಿಸಿ

ಮಾನ್ಯ ಸಂಪಾದಕರೇ,

ನಮ್ಮ ಮನೆಯ ಸಿಪಿಯು ಡಬ್ಬಿ ಮುಟ್ಟಿದರೆ ಸಾಕು, ಕೈಗೆ ಜುಮ್ ಅನ್ನುತ್ತಿತ್ತು. ಬರಿಗಾಲಲ್ಲಿದ್ದರೆ ಇನ್ನೂ ಜಾಸ್ತಿ. ಅಂಗಡಿಗೆ ಒಯ್ದೆ, ಕಂಪ್ಯೂಟರಿಗೆ ಕರೆಂಟ್ ಒದಗಿಸುವ ಎಸ್‌ಎಂಪಿಎಸ್ ಹೋಗಿದೆ ಅಂದರು, ಹೊಸದು ಹಾಕಿಸಿದೆ. ಅಲ್ಲಿ ಮುಟ್ಟಿದರೆ ಏನೂ ಇಲ್ಲ, ಮನೆಗೆ ತಂದು ಹಚ್ಚಿದರೆ ಮತ್ತೆ ಅದೇ ಜುಮ್. ತಪ್ಪು ಕಂಪ್ಯೂಟರಿನದಲ್ಲ, ಮನೆಯದು ಅಂತ ಆಗಲೇ ಹೊಳೆಯಬೇಕಿತ್ತು ಅಲ್ವಾ? ಹೊಳೆಯಲಿಲ್ಲ.

ಕೊನೆಗೆ ಪಕ್ಕದ ಮನೆಗೆ ಫ್ಯಾನ್ ಕೂಡಿಸಲು ಬಂದಿದ್ದ ವೈರ್‌ಮನ್‌ರನ್ನು ಕರೆದೆ. ಮೇನ್ ಆಫ್ ಮಾಡಿ ಬೋರ್ಡ್ ಬಿಚ್ಚಿದರು. ಸಾಕೆಟ್ಟಿನ ಮೇಲಿನ ದೊಡ್ಡ ತೂತಿಗೆ ಸೇರಬೇಕಾದ ಹಸಿರು ಅರ್ಥ್ ವೈರ್ ಯಾವುದಕ್ಕೂ ಸೇರದೆ ಒಳಗೆ ಸುರುಳಿ ಸುತ್ತಿಕೊಂಡು ಸುಮ್ನೆ ಕೂತಿತ್ತು!

ಎಸ್‌ಎಂಪಿಎಸ್ ಒಳಗಿನ ಫಿಲ್ಟರ್‌ನಿಂದ ಚೂರು ಕರೆಂಟ್ ಯಾವಾಗಲೂ ಡಬ್ಬಿಗೆ ಬರುತ್ತದೆ, ಅದನ್ನು ನೆಲಕ್ಕೆ ಒಯ್ಯುವುದು ಈ ವೈರ್. ಅದಿಲ್ಲದಿದ್ದರೆ 230 ವೋಲ್ಟ್‌ನ ಅರ್ಧದಷ್ಟು ಡಬ್ಬಿಯ ಮೇಲೇ ನಿಲ್ಲುತ್ತದೆ. ಕರೆಂಟ್ ಕಡಿಮೆ, ಹಾಗಾಗಿ ಬರೀ ಜುಮ್. ಆದರೆ ಒಳಗೆ ಕರೆಂಟ್ ತರುವ ಫೇಸ್ ವೈರೇ ಡಬ್ಬಿಗೆ ತಾಗಿದರೆ ಜೀವಕ್ಕೇ ಅಪಾಯ. ಎರಡು ಪಿನ್ನಿನ ಚಾರ್ಜರಿನ ಲೋಹದ ಲ್ಯಾಪ್‌ಟಾಪ್‌ನಲ್ಲಿ ಅರ್ಥಿಂಗ್ ಸರಿ ಇದ್ದರೂ ಸ್ವಲ್ಪ ಜುಮ್ ಇರುತ್ತದೆ, ಆ ಮಾತು ಬೇರೆ.

ವೈರ್ ಸೇರಿಸಿದ ಮೇಲೂ ಮುಗಿಯಲಿಲ್ಲ. ಅವರು ಫೇಸ್‌ಗೂ ಅರ್ಥ್‌ಗೂ ನಡುವೆ ಬಲ್ಬ್ ಹಚ್ಚಿ ನೋಡಿದರು (ನೀವು ಮಾತ್ರ ಇದನ್ನು ಮಾಡಲು ಹೋಗಬೇಡಿ). ನ್ಯೂಟ್ರಲ್‌ಗೆ (ಕರೆಂಟ್ ಮರಳಿ ಹೋಗುವ ವೈರ್) ಹಚ್ಚಿದರೆ ಝಗ್ ಅನ್ನುವ ಬಲ್ಬು ಅರ್ಥ್‌ಗೆ ಹಚ್ಚಿದರೆ ಮಿಣಮಿಣ. ಅಂದರೆ ಕರೆಂಟ್ ನೆಲಕ್ಕೆ ಸರಿಯಾಗಿ ಇಳಿಯುತ್ತಿರಲಿಲ್ಲ. ಹಿತ್ತಲಿಗೆ ಹೋಗಿ ಅರ್ಥಿಂಗ್ ಗುಂಡಿಯ ಮುಚ್ಚಳ ತೆಗೆದರೆ, ಎರೆಮಣ್ಣು ಬಿರಿದು, ಅರ್ಥ್ ವೈರ್ ಸೇರುವ ಪೈಪಿನ ಸುತ್ತ ಬೆರಳು ತೂರುವಷ್ಟು ಸಂದು. ನಮ್ಮ ಕಡೆಯ ಎರೆ ಗೊತ್ತಲ್ಲ, ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಮಣ್ಣು ಪೈಪನ್ನೇ ಬಿಟ್ಟರೆ ಕರೆಂಟ್ ಹೋಗೋದು ಎಲ್ಲಿಗೆ? “ಇದಕ್ಕೂ ನೀರ್ ಕುಡಸ್ರಿ ಸರ, ಬರೇ ಗಿಡಕ್ಕ ಹಾಕಿದ್ರ ಹೆಂಗ?” ಅಂದರು. ಇದ್ದಿಲು, ಉಪ್ಪು, ಮಣ್ಣು ತುಂಬಿ ನಾಲ್ಕು ಕೊಡ ನೀರು ಹಾಕಿದೆವು. ಮರುದಿನ ಅದೇ ಬಲ್ಬು ಚೆನ್ನಾಗಿ ಉರಿಯಿತು, ಜುಮ್ ನಿಂತಿತು. ನಳದ ನೀರಿಗೆ ದಿನ ಎಣಿಸುವ ಊರಿನಲ್ಲಿ ಗುಂಡಿಗೆಲ್ಲಿ ನೀರು ಅನ್ನಬೇಡಿ, ಬಟ್ಟೆ ಒಗೆದ ನೀರೂ ನಡೆಯುತ್ತದೆ.

ಕೆಲವರು ಗುಂಡಿಯ ರಗಳೆಯೇ ಬೇಡ ಅಂತ ಸಾಕೆಟ್ ಒಳಗೆ ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ತುಂಡು ವೈರ್ ಹಾಕಿಬಿಡುತ್ತಾರೆ. ದಯವಿಟ್ಟು ಬೇಡ. ನ್ಯೂಟ್ರಲ್ ಎಲ್ಲಾದರೂ ಕಡಿದರೆ ಡಬ್ಬಿಗೇ ಪೂರ್ತಿ 230 ವೋಲ್ಟ್ ಬರಬಹುದು. ಅರ್ಥಿಂಗ್ ಇಲ್ಲದ ಬೋರ್ಡಿಗೆ ದುಬಾರಿ ಸ್ಪೈಕ್ ಬಸ್ಟರ್ (ವೋಲ್ಟೇಜ್ ಏಕಾಏಕಿ ಏರಿದರೆ ತಡೆಯುವ ಬೋರ್ಡ್) ಹಚ್ಚಿದರೆ ಅದೂ ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ.

ಅಡ್ಡಮಳೆಯ ಸಿಡಿಲಿಗೆ ಮಾತ್ರ ಅರ್ಥಿಂಗ್ ಒಂದನ್ನೇ ನಂಬಬೇಡಿ. ಗುಡುಗು ದೂರದಲ್ಲಿರುವಾಗಲೇ ಪ್ಲಗ್ ಕಿತ್ತಿಡಿ, ಸ್ವಿಚ್ ಆಫ್ ಮಾಡಿದರೆ ಸಾಲದು. ಇಂಟರ್ನೆಟ್ಟಿನ ಫೈಬರ್ ಕೇಬಲ್ ಒಳಗಿನ ಎಳೆ ಗಾಜಿನದು, ಆ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ, ಆದರೆ ರೌಟರಿನ ಅಡಾಪ್ಟರ್ ಗೋಡೆಯ ಸಾಕೆಟ್‌ನಲ್ಲೇ ಇರುತ್ತದಲ್ಲ, ಅದನ್ನೂ ತೆಗೆಯಿರಿ.

ಮನೆ ಬಾಡಿಗೆಗೆ ಕೊಡುವವರಲ್ಲಿ ಒಂದು ವಿನಂತಿ. ಹೊಸಬರು ಬರುವಾಗ ಸುಣ್ಣ-ಬಣ್ಣ ಮಾಡಿಸುತ್ತೀರಿ, ಜೊತೆಗೆ ವೈರ್‌ಮನ್ ಕರೆಸಿ ಅರ್ಥಿಂಗನ್ನೂ ಒಮ್ಮೆ ನೋಡಿಸಿ. ಬಾಡಿಗೆಯವರಿಗೆ ಗುಂಡಿ ಎಲ್ಲಿದೆ ಅಂತಲಾದರೂ ತೋರಿಸಿ. ನಮ್ಮ ಮನೆಯದು ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲೇ ಇತ್ತು, ಇಷ್ಟು ವರ್ಷ ಅದರ ಮುಚ್ಚಳದ ಮೇಲೆ ನಾವು ಬಕೆಟ್ ಇಡುತ್ತಿದ್ದೆವು.

— ಓದುಗ, ಕೇಶ್ವಾಪುರ, ಹುಬ್ಬಳ್ಳಿ