‘ಫಾರಿನ್ ಕಿಟ್’ ಇನ್ನು ಸಿಗುವುದಿಲ್ಲ, ನಿಮ್ಮ ಚಾರ್ಜರ್ ಹಿಡಿದುಕೊಂಡು ಬನ್ನಿ

ಗ್ರಾಹಕರಿಗೆ ನಮಸ್ಕಾರ.

ಹೊರದೇಶಕ್ಕೆ ಓದಲು ಹೋಗುವ ಮಕ್ಕಳಿಗೆಂದು ಮೂರು ವರ್ಷದಿಂದ ಮಾರುತ್ತಿದ್ದ ‘ಫಾರಿನ್ ಕಿಟ್’ ಅನ್ನು ಈ ಸೀಸನ್‌ನಿಂದ ನಿಲ್ಲಿಸಿದ್ದೇವೆ. 65 ಲೀಟರಿನ ಬ್ಯಾಗು, ಜೊತೆಗೆ ‘ಎಲ್ಲ ದೇಶಕ್ಕೂ ಒಂದೇ’ ಎಂದು ಡಬ್ಬದ ಮೇಲೆ ಬರೆದಿದ್ದ ಅಡಾಪ್ಟರು (ನಮ್ಮ ಪ್ಲಗ್ಗನ್ನು ಹೊರದೇಶದ ಸಾಕೆಟ್ಟಿಗೆ ಕೂರಿಸುವ ಸಾಮಾನು), ಎರಡೂ ಸೇರಿ ಒಂದೇ ರೇಟು. ಚೆನ್ನಾಗಿಯೇ ಓಡುತ್ತಿತ್ತು. ಹೊರಡುವ ಮಕ್ಕಳಿಗೆ ಕೊಡಲು ಚಿಕ್ಕಪ್ಪ, ಅತ್ತೆಯಂದಿರು ಕೂಡ ಬಂದು ಬಣ್ಣದ ಪೇಪರ್ ಸುತ್ತಿಸಿಕೊಂಡು ಹೋಗುತ್ತಿದ್ದರು. ಓಡುತ್ತಿದ್ದ ಮಾಲನ್ನು ಯಾಕೆ ನಿಲ್ಲಿಸಿದಿರಿ ಎಂದು ತುಂಬ ಜನ ಕೇಳುತ್ತಿದ್ದೀರಿ. ಅದಕ್ಕೇ ಈ ಪತ್ರ.

ಹೋದ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನಿಂದ ರಜಕ್ಕೆ ಬಂದ ಹುಡುಗನೊಬ್ಬ ನಮ್ಮ ಅಡಾಪ್ಟರನ್ನು ಕವರಿನಲ್ಲಿ ಹಾಕಿಕೊಂಡು ಬಂದು ಕೌಂಟರಿನ ಮೇಲಿಟ್ಟ. ತೂತುಗಳ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು. ಒಂದು ಪಕ್ಕ ಕರಗಿ, ಬೆಲ್ಲದ ಪಾಕ ಇಳಿದು ಗಟ್ಟಿಯಾದ ಹಾಗಿತ್ತು. ಮೂಗಿನ ಹತ್ತಿರ ತಂದರೆ ಇನ್ನೂ ಸುಟ್ಟ ವಾಸನೆ. ಇಲ್ಲಿಂದ ಒಯ್ದಿದ್ದ 1,500 ವ್ಯಾಟಿನ ಕೆಟಲ್ ಅನ್ನು ಅದಕ್ಕೆ ಸಿಕ್ಕಿಸುತ್ತಿದ್ದನಂತೆ. ‘ಅಂಕಲ್, ಎಲ್ಲದಕ್ಕೂ ಆಗುತ್ತೆ ಅಂದಿದ್ರಿ’ ಅಂದ. ಅಂದಿದ್ದು ನಿಜ. ಏನೂ ಹೇಳಲು ಬಾಯಿ ಬರಲಿಲ್ಲ.

ಪಕ್ಕದ ಎಲೆಕ್ಟ್ರಿಕಲ್ ಕೌಂಟರ್ ನೋಡಿಕೊಳ್ಳುವ ನಮ್ಮ ಭಾವ ಅದನ್ನು ಸ್ಕ್ರೂಡ್ರೈವರ್ ಹಾಕಿ ಬಿಚ್ಚಿದರು. ಒಳಗಿನ ಹಿತ್ತಾಳೆ ಪಟ್ಟಿಗಳು ಸಡಿಲ. ದಪ್ಪ ಪಿನ್ನು, ಸಣ್ಣ ಪಿನ್ನು, ಚಪ್ಪಟೆ ಪಿನ್ನು ಎಲ್ಲದಕ್ಕೂ ಬಾಯಿ ಬಿಡಬೇಕಲ್ಲ, ಹಾಗಾಗಿ ಯಾವುದನ್ನೂ ಬಿಗಿಯಾಗಿ ಹಿಡಿಯುವುದಿಲ್ಲ. ಸಡಿಲ ಇದ್ದ ಕಡೆ ಬಿಸಿ ಏರುತ್ತದೆ. ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ 6 ಆಂಪಿಯರ್ ಎಂದಿತ್ತು. 1,500 ವ್ಯಾಟಿನ ಕೆಟಲ್ 230 ವೋಲ್ಟಿನಲ್ಲಿ ಆರೂವರೆ ಆಂಪಿಯರ್ ಎಳೆಯುತ್ತದೆ. ಅದಕ್ಕಿಂತ ಬೇಜಾರಾಗಿದ್ದು ಇನ್ನೊಂದು. ಅರ್ಥಿಂಗ್ ಪಿನ್ನಿಗೆ, ಅಂದರೆ ಕರೆಂಟ್ ಸೋರಿದರೆ ನಮಗೆ ಶಾಕ್ ಹೊಡೆಯದಂತೆ ಅದನ್ನು ನೆಲಕ್ಕೆ ಒಯ್ಯುವ ಮೂರನೇ ಪಿನ್ನಿಗೆ, ತೂತು ಇತ್ತು, ತೂತಿನ ಹಿಂದೆ ಏನೂ ಇರಲಿಲ್ಲ. ಸುಮ್ನೆ ಪ್ಲಾಸ್ಟಿಕ್ ಗೋಡೆ. ಸ್ಟೀಲ್ ಮೈಯ ಕೆಟಲ್ ಇಷ್ಟು ದಿನ ಅರ್ಥಿಂಗ್ ಇಲ್ಲದೆ ನಡೆದಿತ್ತು. ಆ ಹುಡುಗನಿಗೆ ಏನೂ ಆಗಲಿಲ್ಲ, ನಮ್ಮ ಪುಣ್ಯ.

ಅವತ್ತೇ ಉಳಿದ ಡಬ್ಬಗಳನ್ನು ಶೆಲ್ಫಿನಿಂದ ಇಳಿಸಿದೆವು.

ಈಗ ನಮ್ಮಲ್ಲಿ ಮೊದಲು ಕೇಳುವ ಪ್ರಶ್ನೆ ‘ಯಾವ ದೇಶ?’ ಎಂದು. ಬ್ಯಾಗಿನ ಬಣ್ಣ ಆಮೇಲೆ. ಅಡಾಪ್ಟರ್ ಪಿನ್ನಿನ ಆಕಾರ ಬದಲಿಸುತ್ತದೆ ಅಷ್ಟೇ, ವೋಲ್ಟೇಜ್ ಬದಲಿಸುವುದಿಲ್ಲ. ಇದು ಗೊತ್ತಾದರೆ ಅರ್ಧ ತಲೆನೋವು ಕಡಿಮೆ.

ಇಂಗ್ಲೆಂಡ್, ಐರ್ಲೆಂಡಿಗೆ ಹೋಗುವವರಿಗೆ ಮೂರು ಆಯತಾಕಾರದ ಪಿನ್ನಿನದು. ಪ್ಲಗ್ಗಿನ ಒಳಗೇ ಫ್ಯೂಸ್ ಇರುತ್ತದೆ. ಫ್ಯೂಸ್ ಇಲ್ಲದ ಅಡಾಪ್ಟರನ್ನು ಆ ದೇಶಕ್ಕೆಂದು ನಾವು ಇನ್ನು ಕೊಡುವುದಿಲ್ಲ. ಅಲ್ಲಿನ ಸಾಕೆಟ್ಟಿನ ಮೇಲಿನ ತೂತಿಗೆ ಪೆನ್ನು ತುರುಕಿ, ಮುಚ್ಚಳ ತೆರೆಸಿ, ನಮ್ಮ ಎರಡು ಪಿನ್ನಿನ ಚಾರ್ಜರ್ ಸಿಕ್ಕಿಸುವ ಉಪಾಯವನ್ನು ಯಾರಾದರೂ ಹೇಳಿಕೊಟ್ಟರೆ ದಯವಿಟ್ಟು ಮಾಡಬೇಡಿ.

ಜರ್ಮನಿಯ ಸಾಕೆಟ್ ಗೋಡೆಯೊಳಗೆ ದುಂಡಗೆ ಗುಳಿ ಬಿದ್ದಿರುತ್ತದೆ, ಸಣ್ಣ ಒರಳಿನ ಹಾಗೆ. ಡಬ್ಬದಂಥ ಅಡಾಪ್ಟರ್‌ಗಳಲ್ಲಿ ಕೆಲವು ಅದರೊಳಗೆ ಪೂರ್ತಿ ಇಳಿಯುವುದಿಲ್ಲ, ಅಥವಾ ತಮ್ಮ ಭಾರಕ್ಕೇ ಕೆಳಗೆ ಜೋತುಬೀಳುತ್ತವೆ. ಅರ್ಥಿಂಗ್ ಬರುವುದು ಗುಳಿಯ ಅಂಚಿನ ಎರಡು ಪಟ್ಟಿಗಳಿಂದ. ನಮ್ಮ ಮೂರನೇ ಪಿನ್ನಿಗೆ ಅಲ್ಲಿ ಜಾಗವೇ ಇಲ್ಲ. ಹಾಗಾಗಿ ದುಂಡನೆ ಮೈಯ, ಅರ್ಥಿಂಗ್ ಇರುವ ಅಡಾಪ್ಟರೇ ಬೇಕು. ಡಾಕ್ಟರ್ ಓದಲು ರಷ್ಯಾ, ಜಾರ್ಜಿಯಾ, ಕಿರ್ಗಿಸ್ತಾನಕ್ಕೆ ಹೋಗುವ ಮಕ್ಕಳಿಗೂ ಇದೇ ಆಗುತ್ತದೆ. ಮೊಬೈಲ್ ಚಾರ್ಜರಿನ ಸಣ್ಣ ಎರಡು ಪಿನ್ನು ಬಹಳಷ್ಟು ಸಲ ನೇರವಾಗಿಯೇ ಕೂರುತ್ತದೆ, ಅದಕ್ಕೆ ದುಡ್ಡು ಹಾಕಬೇಡಿ. ಆಸ್ಟ್ರೇಲಿಯಾದ್ದು ಓರೆಯಾಗಿ ನಿಂತ ಚಪ್ಪಟೆ ಪಿನ್ನು. ಸ್ವಿಟ್ಜರ್‌ಲೆಂಡ್, ಇಟಲಿಯವರು ತಮ್ಮದೇ ಬೇರೆ ಮಾಡಿಕೊಂಡಿದ್ದಾರೆ, ಆ ದೇಶಗಳಿಗೆ ಹೋಗುವವರು ಒಂದು ವಾರ ಮೊದಲೇ ಹೇಳಿದರೆ ತರಿಸಿಕೊಡುತ್ತೇವೆ.

ಅಮೆರಿಕ, ಕೆನಡಾದ ಲೆಕ್ಕ ಬೇರೆ. ಅಲ್ಲಿ ಕರೆಂಟೇ 120 ವೋಲ್ಟು. ಲ್ಯಾಪ್‌ಟಾಪ್, ಮೊಬೈಲ್ ಚಾರ್ಜರಿನ ಮೇಲೆ 100–240 ವೋಲ್ಟ್, 50/60 ಹರ್ಟ್ಜ್ ಎಂದಿದ್ದರೆ ಏನೂ ತೊಂದರೆಯಿಲ್ಲ. ತೊಂದರೆ ಇರುವುದು ಅಡುಗೆಮನೆ ಸಾಮಾನಿಗೆ. ನಮ್ಮ 1,500 ವ್ಯಾಟಿನ ಕೆಟಲ್ ಅಲ್ಲಿ ಹೆಚ್ಚುಕಡಿಮೆ 400 ವ್ಯಾಟಿನಷ್ಟೇ ಕಾಯುತ್ತದೆ, ನೀರು ಕುದಿಯುವ ಹೊತ್ತಿಗೆ ಕ್ಲಾಸ್ ಶುರುವಾಗಿರುತ್ತದೆ. ಮಿಕ್ಸಿಯದು ಇನ್ನೂ ಕಷ್ಟ, ನಿಧಾನವಾಗಿ ಗೊರಗೊರ ಅನ್ನುತ್ತದೆ, ಚಟ್ನಿ ನುಣ್ಣಗಾಗುವುದಿಲ್ಲ. ವೋಲ್ಟ್ ಏರಿಸುವ ಟ್ರಾನ್ಸ್‌ಫಾರ್ಮರ್ ಕೊಡಿ ಎನ್ನುವವರಿದ್ದಾರೆ. 750 ವ್ಯಾಟಿನ ಮಿಕ್ಸಿಗೆ ಆಗುವಂಥದ್ದು ಮಿಕ್ಸಿಯಷ್ಟೇ ಭಾರ ಇರುತ್ತದೆ. ಅಮ್ಮಂದಿರೇ, ಅಲ್ಲಿನ ವೋಲ್ಟಿಗೆಂದೇ ಮಾಡಿದ ಮಿಕ್ಸಿ ಸಿಗುತ್ತದೆ, ಅದನ್ನು ಕೊಂಡುಕೊಳ್ಳಿ. ನಾವು ಅದನ್ನು ಮಾರುವುದಿಲ್ಲ, ಆದರೂ ಹೇಳುತ್ತಿದ್ದೇವೆ.

ನಮ್ಮ ವ್ಯಾಪಾರಕ್ಕೆ ಹೊಡೆತ ಬೀಳುವ ಮಾತು ಇನ್ನೊಂದು ಇದೆ. ಲ್ಯಾಪ್‌ಟಾಪ್ ಚಾರ್ಜರಿನ ನಡುವೆ ಇಟ್ಟಿಗೆಯಂಥದ್ದು ಇರುತ್ತದಲ್ಲ, ಅದರಿಂದ ಗೋಡೆಗೆ ಹೋಗುವ ವೈರ್ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಬಿಚ್ಚಿಕೊಳ್ಳುತ್ತದೆ. ಆ ದೇಶದ ಪ್ಲಗ್ಗಿರುವ ವೈರೊಂದನ್ನು ಕೊಂಡರೆ ಮುಗಿಯಿತು, ಅಡಾಪ್ಟರೇ ಬೇಡ. ಅರ್ಥಿಂಗ್ ಕೂಡ ಸರಿಯಾಗಿ ಸಿಗುತ್ತದೆ. ಲೋಹದ ಮೈಯ ಲ್ಯಾಪ್‌ಟಾಪ್ ಮೇಲೆ ಅಂಗೈ ಇಟ್ಟಾಗ ಸಣ್ಣಗೆ ಜುಂ ಅನ್ನುವುದನ್ನು ಕೆಲವರು ನೋಡಿರುತ್ತೀರಿ. ಅರ್ಥಿಂಗ್ ಇಲ್ಲದ ಅಡಾಪ್ಟರಿಗೆ ಹಾಕಿದಾಗ ಅದು ಜಾಸ್ತಿ. ಇಂಗ್ಲೆಂಡ್, ಜರ್ಮನಿ, ಅಮೆರಿಕ, ಆಸ್ಟ್ರೇಲಿಯಾದ ವೈರ್‌ಗಳನ್ನು ಈಗ ಇಟ್ಟಿದ್ದೇವೆ. ಇಟ್ಟಿಗೆಯ ತುದಿಯ ಆಕಾರ ಎರಡು ಮೂರು ಥರ ಇರುವುದರಿಂದ ಚಾರ್ಜರ್ ತನ್ನಿ ಎನ್ನುತ್ತಿರುವುದು. ಫೋಟೊ ನೋಡಿ ಕೊಟ್ಟು ಎರಡು ಸಲ ತಪ್ಪಿದ್ದೇವೆ.

ಇನ್ನು ಬ್ಯಾಗಿನ ವಿಷಯ.

ಕಿಟ್‌ನಲ್ಲಿ ಕೊಡುತ್ತಿದ್ದ 65 ಲೀಟರಿನದು ಟ್ರೆಕಿಂಗ್ ಬ್ಯಾಗು. ಕುಮಾರಪರ್ವತ ಹತ್ತಲು ಚೆನ್ನಾಗಿದೆ. ವಿಮಾನಕ್ಕೆ ಅಲ್ಲ. ಕ್ಯಾಬಿನ್‌ಗೆ ದೊಡ್ಡದಾಯಿತು, ಲಗೇಜಿಗೆ ಹಾಕಿದರೆ ಪಟ್ಟಿಗಳು ಬೆಲ್ಟಿಗೆ ಸಿಕ್ಕಿಹಾಕಿಕೊಳ್ಳುತ್ತವೆ. ಬಾಯಿ ಮೇಲ್ಗಡೆ ಇರುವುದರಿಂದ ತಳದಲ್ಲಿರುವ ಫೈಲು ತೆಗೆಯಲು ಬಟ್ಟೆ, ಚಕ್ಕುಲಿ ಎಲ್ಲ ಹೊರಗೆ ಬರಬೇಕು. ಹಿಂದೆ ಸಾಲು ನಿಂತಿರುವಾಗ ಅದೊಂದು ಅವಮಾನ. ನಮ್ಮ ತಂದೆಯ ಕಾಲದ ತಕ್ಕಡಿಯಲ್ಲಿ ಇಟ್ಟು ನೋಡಿದೆವು: ಖಾಲಿ ಬ್ಯಾಗೇ 2 ಕೆಜಿ 400 ಗ್ರಾಂ. ಬಹಳಷ್ಟು ವಿಮಾನಗಳಲ್ಲಿ ಕೈಯಲ್ಲಿ ಒಯ್ಯಲು ಬಿಡುವುದು 7 ಕೆಜಿ, ಕೆಲವು ಕಡೆ 8. ಮೂರನೇ ಒಂದು ಪಾಲು ಬ್ಯಾಗಿಗೇ ಹೋದರೆ ಇನ್ನೇನು ಉಳಿಯಿತು?

ಈಗ ತರಿಸಿರುವುದು 32 ಲೀಟರಿನದು, ಖಾಲಿ ತೂಕ 1 ಕೆಜಿ 100 ಗ್ರಾಂ. ಸೂಟ್‌ಕೇಸಿನ ಹಾಗೆ ಪೂರ್ತಿ ತೆರೆದುಕೊಳ್ಳುತ್ತದೆ. ಲ್ಯಾಪ್‌ಟಾಪ್ ಖಾನೆ ಬೆನ್ನಿನ ಕಡೆಗಿದೆ, ಅದರ ತಳ ಬ್ಯಾಗಿನ ತಳಕ್ಕಿಂತ ಎರಡು ಬೆರಳು ಮೇಲಿದೆ. ಬ್ಯಾಗನ್ನು ಧೊಪ್ಪೆಂದು ಕೆಳಗಿಟ್ಟರೂ ಲ್ಯಾಪ್‌ಟಾಪ್ ನೆಲಕ್ಕೆ ಬಡಿಯುವುದಿಲ್ಲ. ಕೊಳ್ಳುವಾಗ ಎರಡು ಕಡೆ ನೋಡಿ. ಒಂದು, ಭುಜದ ಪಟ್ಟಿ ಮೇಲ್ಗಡೆ ಸೇರುವ ಜಾಗ. ಅಲ್ಲಿ ಒತ್ತೊತ್ತಾಗಿ ಅಡ್ಡ ಹೊಲಿಗೆ ಇರಬೇಕು, ಬ್ಯಾಗು ಹರಿಯುವುದು ಅಲ್ಲೇ. ಎರಡು, ದೊಡ್ಡ ಖಾನೆಯ ಜಿಪ್ಪು. ಸಣ್ಣ ಹಲ್ಲಿನ ಜಿಪ್ಪಿಗೆ ತುಂಬಿದ ಬ್ಯಾಗನ್ನು ತಡೆಯುವ ಶಕ್ತಿ ಇರುವುದಿಲ್ಲ, ರನ್ನರ್ ಬಾಯಿ ಬಿಟ್ಟುಬಿಡುತ್ತದೆ. ನಾವು ದೊಡ್ಡ ಹಲ್ಲಿನ, 10 ನಂಬರಿನ ಜಿಪ್ಪು ಇರುವುದನ್ನೇ ತರಿಸಿದ್ದೇವೆ.

ಅಂಗಡಿಯಲ್ಲಿ 7 ಕೆಜಿಗೆ ಸರಿಯಾಗಿ ಮರಳಿನ ಚೀಲ ಮಾಡಿಟ್ಟಿದ್ದೇವೆ. ಅದನ್ನು ಬ್ಯಾಗಿಗೆ ತುಂಬಿಕೊಂಡು ಬಸ್ ಸ್ಟ್ಯಾಂಡ್‌ವರೆಗೆ ಒಂದು ಸುತ್ತು ನಡೆದು ಬನ್ನಿ, ಆಮೇಲೆ ಕೊಳ್ಳಿ. ಕನ್ನಡಿ ಮುಂದೆ ಖಾಲಿ ಬ್ಯಾಗು ಹಾಕಿಕೊಂಡು ನೋಡಿದರೆ ಎಲ್ಲವೂ ಚೆಂದವೇ, ಅಲ್ವಾ? ಲಗೇಜಿಗೆ ಹಾಕುವ ಸೂಟ್‌ಕೇಸ್ ತೂಗಲು ಕೊಕ್ಕೆ ತಕ್ಕಡಿಯನ್ನು ಎರಡು ದಿನದ ಮಟ್ಟಿಗೆ ಮನೆಗೆ ಕೊಡುತ್ತೇವೆ, ಬಾಡಿಗೆ ಇಲ್ಲ. ಒಂದು ಪೆಟ್ಟಿಗೆಗೆ 23 ಕೆಜಿ ಎಂಬುದು ಸಾಮಾನ್ಯ, ಆದರೂ ನಿಮ್ಮ ಟಿಕೆಟ್ಟಿನಲ್ಲಿ ಏನಿದೆ ಎಂದು ನೋಡಿಕೊಳ್ಳಿ. ಪವರ್ ಬ್ಯಾಂಕ್ ಮಾತ್ರ ಕೈಯಲ್ಲೇ ಇರಲಿ, ಸೂಟ್‌ಕೇಸಿನಲ್ಲಿ ಬಿಡುವುದಿಲ್ಲ. ಒಣ ಕೊಬ್ಬರಿಯನ್ನು ಕೂಡ ಇಡಬೇಡಿ, ಎಣ್ಣೆ ಅಂಶಕ್ಕೆ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು ಎಂದು ಅದು ವಿಮಾನದ ಅಪಾಯಕಾರಿ ಸಾಮಾನಿನ ಪಟ್ಟಿಯಲ್ಲಿದೆ. ಅರಸೀಕೆರೆ ಕಡೆಯವರಿಗೆ ಇದನ್ನು ಹೇಳಿದರೆ ನಂಬುವುದೇ ಇಲ್ಲ.

ರೇಟಿನ ಬಗ್ಗೆ: ಹೊಸ ಬ್ಯಾಗು ಹಳೆಯದಕ್ಕಿಂತ ಕಡಿಮೆಗೆ ಬಂದಿದೆ, ಅರ್ಥಿಂಗ್ ಇರುವ ಅಡಾಪ್ಟರ್ ತುಸು ಜಾಸ್ತಿ. ಎರಡೂ ಸೇರಿದರೆ ಕಿಟ್ ರೇಟನ್ನು ದಾಟುವುದಿಲ್ಲ.

ನಮ್ಮಿಂದ ಕಿಟ್ ಕೊಂಡವರು ಅದರ ಅಡಾಪ್ಟರನ್ನು ತಂದುಕೊಡಿ. ಬದಲಿಗೆ ನಿಮ್ಮ ಮಕ್ಕಳು ಹೋಗುವ ದೇಶದ್ದು ಕೊಡುತ್ತೇವೆ, ಬೇಡವಾದರೆ ದುಡ್ಡು ವಾಪಸ್. ಬಿಲ್ ಕಳೆದಿದ್ದರೂ ಪರವಾಗಿಲ್ಲ, ಆ ಡಬ್ಬ ನಮಗೆ ಗುರುತು ಸಿಗುತ್ತದೆ. ಮಕ್ಕಳು ಆಗಲೇ ಅಲ್ಲಿದ್ದರೆ ಇವತ್ತು ರಾತ್ರಿ ಫೋನ್ ಮಾಡಿದಾಗ ಒಂದು ಮಾತು ಹೇಳಿ: ಅದಕ್ಕೆ ಮೊಬೈಲ್ ಚಾರ್ಜರ್ ಬಿಟ್ಟು ಬೇರೇನೂ ಸಿಕ್ಕಿಸಬೇಡ ಅಂತ. ಕೆಟಲ್, ರೈಸ್ ಕುಕ್ಕರ್, ಇಸ್ತ್ರಿಪೆಟ್ಟಿಗೆ ಯಾವುದೂ ಬೇಡ. ಅವರ ಪರವಾಗಿ ನೀವೇ ಬಂದು ದುಡ್ಡು ತೆಗೆದುಕೊಂಡು ಹೋಗಬಹುದು. 65 ಲೀಟರಿನ ಬ್ಯಾಗನ್ನು ಮಾತ್ರ ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ. ಬ್ಯಾಗು ಕೆಟ್ಟದ್ದಲ್ಲ, ನಾವು ಮಾರಿದ ಕೆಲಸಕ್ಕೆ ಆಗಲಿಲ್ಲ ಅಷ್ಟೇ. ಅದರ ಜಿಪ್ಪು, ರನ್ನರ್, ಬಕಲ್ ಕೆಟ್ಟರೆ ಪುಕ್ಕಟೆ ಹಾಕಿಕೊಡುತ್ತೇವೆ.

ಜುಲೈನಿಂದ ಸೆಪ್ಟೆಂಬರ್‌ವರೆಗೆ ಭಾವ ಸಂಜೆ 5ರಿಂದ 8ರವರೆಗೆ ಕೌಂಟರಿನಲ್ಲೇ ಇರುತ್ತಾರೆ. ಚಾರ್ಜರ್ ತರುವವರು ಆ ಹೊತ್ತಿಗೆ ಬಂದರೆ ಒಳ್ಳೆಯದು. ಭಾನುವಾರ ರಜ.

ನಿಮ್ಮ ಬ್ಯಾಗ್ ಅಂಗಡಿಯವರು
ಹಾಸನ