ಗೆಳೆಯನಿಗೊಂದು ಪತ್ರ: ಇದು ಬರೀ ಉಷ್ಣವಲ್ಲ

ಪ್ರೀತಿಯ ಗೆಳೆಯ,

ಕಳೆದ ತಿಂಗಳು ಶಿವಮೊಗ್ಗದಿಂದ ಬೆಂಗಳೂರಿಗೆ ನಾವಿಬ್ಬರೂ ರಾತ್ರಿ ಬಸ್ಸಿನಲ್ಲಿ ಬಂದದ್ದು ನನ್ನ ಮನಸ್ಸಿನಿಂದ ಹೋಗುತ್ತಲೇ ಇಲ್ಲ. ತರೀಕೆರೆ ದಾಟಿದ ಮೇಲೆ ಒಮ್ಮೆ, ತಿಪಟೂರಿನ ಹತ್ತಿರ ಮತ್ತೊಮ್ಮೆ ನೀನು ಡ್ರೈವರನ್ನು ಬೇಡಿಕೊಂಡು ಬಸ್ಸು ನಿಲ್ಲಿಸಿದೆ. ಎರಡು ಸಲವೂ ಮೂತ್ರಕ್ಕೆ ಹೋಗಿ ಹಲ್ಲು ಕಚ್ಚಿಕೊಂಡು ಬಂದವನು, ಬಸ್ಸು ಹತ್ತುವ ಮೊದಲು ಒಂದು ಸಿಗರೇಟು ಹಚ್ಚಿದೆ. "ಉಷ್ಣ ಆಗಿದೆ ಮಾರಾಯ, ಎಳನೀರು ಕುಡಿದರೆ ಸರಿಹೋಗುತ್ತದೆ" ಎಂದು ನೀನು ಹೇಳಿದಾಗ ನಾನು ಸುಮ್ಮನಿದ್ದೆ. ಸುಮ್ಮನಿರಬಾರದಿತ್ತು.

ಆ ಹೊಗೆ ಶ್ವಾಸಕೋಶಕ್ಕೇ ನಿಲ್ಲುವುದಿಲ್ಲ. ಅದರಲ್ಲಿರುವ ಸಾವಿರಾರು ರಾಸಾಯನಿಕಗಳ ಪೈಕಿ ಆರೊಮ್ಯಾಟಿಕ್ ಅಮೀನುಗಳೆಂಬ ವಿಷಗಳು ರಕ್ತಕ್ಕೆ ಸೇರಿ, ಯಕೃತ್ತಿನಲ್ಲಿ ರೂಪ ಬದಲಿಸಿಕೊಂಡು, ಮೂತ್ರಪಿಂಡಗಳಲ್ಲಿ ಸೋಸಿಹೋಗಿ, ಕೊನೆಗೆ ಮೂತ್ರಕೋಶಕ್ಕೆ ಬಂದು ಇಳಿಯುತ್ತವೆ. ಎದೆಯೊಳಗಿನ ಹೊಗೆಯಾದರೂ ಉಸಿರಿನೊಡನೆ ಅಷ್ಟಿಷ್ಟು ಹೊರಬೀಳುತ್ತದೆ. ಮೂತ್ರಕೋಶದಲ್ಲಿ ಮಾತ್ರ ಆ ವಿಷ ಬೆರೆತ ಮೂತ್ರ ಗಂಟೆಗಟ್ಟಲೆ ಒಳಪದರಕ್ಕೆ ತಾಗಿಕೊಂಡೇ ಇರುತ್ತದೆ. ಪ್ರಯಾಣದಲ್ಲಿ ತೊಂದರೆಯಾದೀತೆಂದು ನೀನು ಸಂಜೆಯಿಂದ ನೀರನ್ನೇ ಕುಡಿದಿರಲಿಲ್ಲವಲ್ಲ, ಅದರಿಂದ ಮೂತ್ರ ಇನ್ನಷ್ಟು ಗಟ್ಟಿಯಾಗಿ, ಮೊದಲೇ ನೊಂದಿದ್ದ ಪದರವನ್ನು ಇನ್ನಷ್ಟು ಕೆರಳಿಸಿರುತ್ತದೆ.

ಈ ವಿಷಗಳ ಗುಣ ವೈದ್ಯರಿಗೆ ಹೊಸತಲ್ಲ. 1895ರಲ್ಲೇ ಫ್ರಾಂಕ್‌ಫರ್ಟಿನ ಶಸ್ತ್ರಚಿಕಿತ್ಸಕ ಲುಡ್ವಿಗ್ ರೇನ್, ಬಣ್ಣದ ಕಾರ್ಖಾನೆಯ ಕೆಲಸಗಾರರ ಮೂತ್ರಕೋಶದಲ್ಲಿ ಗಡ್ಡೆಗಳನ್ನು ಕಂಡು ವರದಿ ಮಾಡಿದ್ದರು. ಅಂಥ ಕಾರ್ಖಾನೆಗಳಲ್ಲಿ ಮುಂದೆ ನಿಷೇಧಕ್ಕೊಳಗಾದ ಅಮೀನುಗಳೇ ಸಿಗರೇಟಿನ ಹೊಗೆಯಲ್ಲೂ ಇವೆ, ಬೀಡಿ ಸೇದುವವರಿಗೂ ಇದರಿಂದ ವಿನಾಯಿತಿಯಿಲ್ಲ.

ಮೂತ್ರಕೋಶದ ಉರಿಯೂತಕ್ಕೆ ಸಿಗರೇಟೊಂದೇ ಕಾರಣವೆಂದು ನಾನು ವಾದಿಸುತ್ತಿಲ್ಲ. ಹೆಚ್ಚಿನವರಿಗೆ ಅದು ಬ್ಯಾಕ್ಟೀರಿಯಾದಿಂದ ಬರುತ್ತದೆ. ಆದರೆ ನಿನ್ನ ಮೂತ್ರದ ಕಲ್ಚರಿನಲ್ಲಿ, ಅಂದರೆ ಬ್ಯಾಕ್ಟೀರಿಯಾ ಬೆಳೆಯುತ್ತವೆಯೇ ಎಂದು ನೋಡುವ ಪರೀಕ್ಷೆಯಲ್ಲಿ, ಎರಡು ಸಲವೂ ಏನೂ ಬೆಳೆಯಲಿಲ್ಲ, ಮೂರು ಕೋರ್ಸು ಆಂಟಿಬಯಾಟಿಕ್ ಮುಗಿಸಿದರೂ ಉರಿ ಹೋಗಲಿಲ್ಲ. ಹೀಗೆ ಸೋಂಕಿಲ್ಲದೆ ಕಾಡುವ ಮೂತ್ರಕೋಶದ ನೋವನ್ನು ಧೂಮಪಾನ ಕೆರಳಿಸುತ್ತದೆಂದು ವೈದ್ಯರು ಎಚ್ಚರಿಸುತ್ತಾರೆ. ಬಾರ್ಲಿ ನೀರು, ಎಳನೀರು ಒಳ್ಳೆಯವೇ, ಮೂತ್ರವನ್ನು ತೆಳುವಾಗಿಸುತ್ತವೆ; ಆದರೆ ಮೇಲಿನಿಂದ ವಿಷ ಇಳಿಯುತ್ತಲೇ ಇದ್ದರೆ ಅವಾದರೂ ಎಷ್ಟು ಮಾಡಿಯಾವು?

ನನ್ನನ್ನು ನಿಜವಾಗಿ ಹೆದರಿಸಿದ್ದು ನೀನು ಬಸ್ಸಿನಲ್ಲಿ ಸಹಜವಾಗಿ ಹೇಳಿಬಿಟ್ಟ ಇನ್ನೊಂದು ಮಾತು: ದೀಪಾವಳಿಯ ಹೊತ್ತಿಗೆ ಎರಡು ದಿನ ಮೂತ್ರ ಕೆಂಪಗೆ ಹೋಗಿ, ನೋವೇ ಇಲ್ಲದೆ, ತಾನಾಗಿ ನಿಂತುಹೋಯಿತೆಂದು. ನಿಂತಿತೆಂದು ಅದನ್ನು ಮರೆಯುವ ಹಾಗಿಲ್ಲ. ಮೂತ್ರಕೋಶದ ಕ್ಯಾನ್ಸರ್ ಎಷ್ಟೋ ಸಲ ಹೀಗೆಯೇ, ನೋವಿಲ್ಲದ ರಕ್ತವಾಗಿ ಕಾಣಿಸಿಕೊಂಡು ಮರೆಯಾಗುತ್ತದೆ. ಸೇದುವವರಿಗೆ ಅದು ಬರುವ ಸಾಧ್ಯತೆ ಸೇದದವರಿಗಿಂತ ಸುಮಾರು ಮೂರು ಪಟ್ಟು. ನಿನಗೆ ಅದೇ ಆಗಿದೆಯೆಂದು ನಾನು ಹೇಳುತ್ತಿಲ್ಲ. ಕಲ್ಲಾಗಿರಬಹುದು, ಬರೀ ಉರಿಯೂತವೂ ಆಗಿರಬಹುದು. ಆದರೆ ಮೂತ್ರರೋಗ ತಜ್ಞರು ಸ್ಕ್ಯಾನ್ ಮಾಡಿಸಿ, ಬೇಕಾದರೆ ಸಿಸ್ಟೋಸ್ಕೋಪಿಯಲ್ಲಿ, ಅಂದರೆ ಮೂತ್ರನಾಳದ ಮೂಲಕ ಸಣ್ಣ ಕ್ಯಾಮೆರಾ ಕೊಳವೆ ಇಳಿಸಿ, ಒಳಗೆ ನೋಡಿದ ಮೇಲೆಯೇ ಅದು ಗೊತ್ತಾಗಬೇಕು.

ಬಿಡುವುದು ಸುಲಭವಲ್ಲವೆಂದು ನನಗೆ ಗೊತ್ತು, ಇಪ್ಪತ್ತು ವರ್ಷದ ಅಭ್ಯಾಸ ಅದು. ತಂಬಾಕು ಬಿಡುವವರಿಗಾಗಿ ಇರುವ ಸಹಾಯವಾಣಿ 1800-11-2356ಕ್ಕೆ ನನ್ನೆದುರಿಗೇ ಫೋನ್ ಮಾಡು. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ನಿನ್ನ ಮನೆಗೆ ಬರುತ್ತೇನೆ, ಡಾಕ್ಟರ ಹತ್ತಿರ ಇಬ್ಬರೂ ಹೋಗೋಣ. ಹಳೆಯ ರಿಪೋರ್ಟುಗಳನ್ನೆಲ್ಲ ತೆಗೆದಿಟ್ಟಿರು, ಆ ಕೆಂಪು ಮೂತ್ರದ ವಿಷಯವನ್ನು ಅವರೆದುರು ಮುಚ್ಚಿಡಬೇಡ.

ಇಂತಿ,
ನಿನ್ನ ಗೆಳೆಯ