‘ನಿಧಾನ’ ಅಂದರೆ ಎಲ್ಲಿ, ಎಷ್ಟನೇ ನಿಮಿಷಕ್ಕೆ?

ಮಾನ್ಯ ಸಂಪಾದಕರೆ,

ಹೋದ ಭಾನುವಾರದ ಪುರವಣಿಯಲ್ಲಿ ಈಚಿನ ನಾಲ್ಕೈದು ವರ್ಷದ ಕನ್ನಡ ಸಿನಿಮಾಗಳ ಬಗ್ಗೆ ನಿಮ್ಮ ವಿಮರ್ಶಕರು ಒಂದೂವರೆ ಪುಟ ಬರೆದಿದ್ದಾರೆ. ಜಯದೇವ ಸರ್ಕಲ್ ಹತ್ತಿರ ಚಹಾ ಕುಡಿಯುತ್ತ ಒಂದು ಸಲ ಓದಿದೆ, ಮನೆಗೆ ಬಂದು ಕನ್ನಡಕ ಏರಿಸಿಕೊಂಡು ಇನ್ನೊಂದು ಸಲ ಓದಿದೆ. ಎರಡನೇ ಸಲ ಪೆನ್ನು ಹಿಡಿದು, ‘ನಿಧಾನ’ ಎಂಬ ಮಾತು ಬಂದಲ್ಲೆಲ್ಲ ಗೆರೆ ಎಳೆದೆ. ಹನ್ನೊಂದು ಗೆರೆ ಆದವು. ‘ನಿಧಾನಗತಿಯ ನಿರೂಪಣೆ’ ಐದು, ‘ದ್ವಿತೀಯಾರ್ಧ ನಿಧಾನ’ ನಾಲ್ಕು, ‘ನಿಧಾನವನ್ನು ಸಹಿಸಿಕೊಂಡರೆ’ ಎರಡು. ಈ ಹನ್ನೊಂದರಲ್ಲಿ ಒಂದು ಕಡೆಯೂ ಯಾವ ದೃಶ್ಯ ನಿಧಾನವಾಯಿತು, ಎಲ್ಲಿಂದ ಎಲ್ಲಿಯವರೆಗೆ ಎಂದು ಬರೆದಿಲ್ಲ. ನನ್ನ ತಕರಾರು ಅಷ್ಟೇ. ಆದರೆ ಅದನ್ನು ಹೇಳುವುದಕ್ಕೆ ಸ್ವಲ್ಪ ಜಾಗ ಕೊಡಿ.

ನಾನು ದಾವಣಗೆರೆಯ ಒಂದು ಟಾಕೀಸಿನಲ್ಲಿ 1978ರಲ್ಲಿ ಹೆಲ್ಪರ್ ಆಗಿ ಸೇರಿ, ಆಮೇಲೆ ಪ್ರೊಜೆಕ್ಟರ್ ಓಡಿಸುವ ಆಪರೇಟರ್ ಆಗಿ, 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಅಂತ ಬಾಗಿಲು ಹಾಕಿದಾಗ ಮನೆಗೆ ಬಂದವನು. ಆ ಬಾಗಿಲು ಮತ್ತೆ ತೆಗೆಯಲಿಲ್ಲ. ಸೇರಿದಾಗ ನಮ್ಮೂರು ಇನ್ನೂ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ಸಾವಿರಾರು ಷೋ ನೋಡಿದ್ದೇನೆ, ಎಲ್ಲ ಕ್ಯಾಬಿನ್ನಿನ ಕಿಂಡಿಯಿಂದ. (ದುರ್ಗದ ಕಡೆ ಗೆಳೆಯರು ಬಂದರೆ ‘ಏನಪ್ಪಾ, ಓಬವ್ವನ ಕಿಂಡಿ ಕಾಯ್ತಿದ್ದೀಯ’ ಎಂದು ಕೀಟಲೆ ಮಾಡುತ್ತಿದ್ದರು.) ಆ ಕಿಂಡಿಯಲ್ಲಿ ತೆರೆಗಿಂತ ಚೆನ್ನಾಗಿ ಕಾಣುವುದು ತಲೆಗಳು. ಮಿಷನ್ ಸದ್ದಿನಲ್ಲಿ ಮಾತು ಅರ್ಧ ಕೇಳುತ್ತದೆ, ಅರ್ಧ ಇಲ್ಲ. ಜನಕ್ಕೆ ಬೇಜಾರಾಯಿತು ಎಂಬುದು ಮೊದಲು ಗೊತ್ತಾಗುವುದು ಗಾಂಧಿ ಕ್ಲಾಸಿನಲ್ಲಿ, ಅಂದರೆ ತೆರೆಗೆ ಹತ್ತಿರದ ಅಗ್ಗದ ಸೀಟುಗಳಲ್ಲಿ. ತಲೆಗಳು ಪಕ್ಕಕ್ಕೆ ವಾಲುತ್ತವೆ, ಒಂದು ಬೆಂಕಿಕಡ್ಡಿ ಹೊತ್ತಿಕೊಳ್ಳುತ್ತದೆ, ಆಮೇಲೆ ಬಾಗಿಲ ಪರದೆ ಸರಿದು ಹೊರಗಿನ ಬೆಳಕು ಒಳಗೆ ಬೀಳುತ್ತದೆ. ಒಂದು ರೀಲಿಗೆ ಪರದೆ ಎಷ್ಟು ಸಲ ಸರಿಯಿತು, ಅದೇ ನಮ್ಮ ಸ್ಟಾರ್ ರೇಟಿಂಗ್.

ಆಗ ಪ್ರೊಜೆಕ್ಟರಿನ ದೀಪ ಅಂದರೆ ಕಾರ್ಬನ್. ತಾಮ್ರದ ಲೇಪ ಇರುವ ಎರಡು ಕಡ್ಡಿ ಎದುರುಬದುರು ಹಿಡಿಸಿ ನಡುವೆ ಕಿಡಿ ಹೊತ್ತಿಸಬೇಕು. ಉರಿಯುತ್ತ ಕಡ್ಡಿ ಸವೆಯುತ್ತದೆ, ಸಂದು ಅಗಲವಾಗುತ್ತದೆ, ತೆರೆಯ ಮೇಲೆ ಬೆಳಕು ಕಂದುತ್ತದೆ, ಕೆಳಗಿನಿಂದ ಸಿಳ್ಳೆ ಬೀಳುತ್ತದೆ. ತಿರುಪು ತಿರುಗಿಸಿ ಕಡ್ಡಿ ಮುಂದೆ ತಳ್ಳುತ್ತಲೇ ಇರಬೇಕು. ನಿಮಿಷಕ್ಕೆ 90 ಅಡಿ ಫಿಲಂ ಓಡುತ್ತದೆ, ಸಾವಿರ ಅಡಿಯ ರೀಲಿಗೆ ಹನ್ನೊಂದು ನಿಮಿಷ. ರೀಲು ಮುಗಿಯುತ್ತ ಬಂದಾಗ ತೆರೆಯ ಬಲಗಡೆ ಮೇಲಿನ ಮೂಲೆಯಲ್ಲಿ ಚುಕ್ಕಿ ಮಿಂಚಿದ ತಕ್ಷಣ ಎರಡನೇ ಮಿಷನ್ ಚಾಲೂ ಮಾಡಿ, ಏಳೆಂಟು ಸೆಕೆಂಡಿಗೆ ಬರುವ ಇನ್ನೊಂದು ಚುಕ್ಕಿಗೆ ಆ ಮಿಷನ್ನಿನ ರೀಲಿಗೆ ಬದಲಿಸುವ ಚೇಂಜ್‌ಓವರ್. ಹೀಗೆ ಬದುಕಿದವನಿಗೆ ಸಿನಿಮಾ ನೆನಪಿರುವುದೇ ಅಡಿ, ನಿಮಿಷದ ಲೆಕ್ಕದಲ್ಲಿ. ಅದಕ್ಕೇ ‘ದ್ವಿತೀಯಾರ್ಧ ನಿಧಾನ’ ಎಂದು ಬರೆದು ಕೈತೊಳೆದುಕೊಂಡರೆ ನನಗೆ ಸಿಟ್ಟು ಬರುತ್ತದೆ. ಒಂದೂವರೆ ತಾಸಿನಲ್ಲಿ ಎಲ್ಲಿ, ಸ್ವಾಮಿ?

ಹಾಗಂತ ನಾನೇನು ಸಾಚಾ ಅಲ್ಲ. 1984ರಲ್ಲೋ 85ರಲ್ಲೋ, ಸಿನಿಮಾ ಹೆಸರು ಬೇಡ, ಸೆಕೆಂಡ್ ಷೋ ಬಿಡುವುದು ತಡವಾಗುತ್ತಿದೆ ಎಂದು ಮಾಲೀಕರು ‘ಎಲ್ಲಾದ್ರೂ ಒಂದು ಮುನ್ನೂರು ಅಡಿ ತೆಗಿ’ ಅಂದರು. ಎಲ್ಲಿ ಎಂದು ಆರಿಸಿದವನು ನಾನೇ. ಹಾಡು ತೆಗೆದರೆ ಕುರ್ಚಿ ಮುರಿಯುತ್ತಾರೆ, ಫೈಟ್ ತೆಗೆದರೆ ನನ್ನ ಕೈ ಮುರಿಯುತ್ತಾರೆ. ತಾಯಿಯೊಬ್ಬಳು ರಾತ್ರಿ ಬಾಗಿಲಲ್ಲಿ ಕೂತು ಮಗನಿಗೆ ಕಾಯುವ ದೃಶ್ಯ ಇತ್ತು. ಮಾತಿಲ್ಲ. ದೀಪದ ಬತ್ತಿ ಏರಿಸುತ್ತಾಳೆ, ಅನ್ನದ ಮೇಲೆ ತಟ್ಟೆ ಮುಚ್ಚುತ್ತಾಳೆ, ಮತ್ತೆ ಬಂದು ಕೂರುತ್ತಾಳೆ. ಮೂರು ನಿಮಿಷದ ಮೇಲೆ ಇಪ್ಪತ್ತು ಸೆಕೆಂಡು. ನಿಮ್ಮ ವಿಮರ್ಶಕರು ಆಗ ನನ್ನ ಪಕ್ಕ ಇದ್ದಿದ್ದರೆ ಅವರೂ ಅದನ್ನೇ ತೋರಿಸುತ್ತಿದ್ದರು. ಕತ್ತರಿಸಿ, ತುದಿಯನ್ನು ಬ್ಲೇಡಿನಿಂದ ಕೆರೆದು, ಫಿಲಂ ಸಿಮೆಂಟ್ ಎಂಬ ಅಂಟು ಹಚ್ಚಿ ಜಾಯಿಂಟ್ ಹಾಕಿದೆ. ತುಂಡನ್ನು ಸುತ್ತಿ ಡಬ್ಬಿಯಲ್ಲಿಟ್ಟೆ.

ಎರಡು ದಿನ ಯಾರೂ ಕೇಳಲಿಲ್ಲ. ಮೂರನೇ ದಿನ ಷೋ ಬಿಟ್ಟ ಮೇಲೆ ಮಂಡಕ್ಕಿ ಭಟ್ಟಿಯ ಹೆಣ್ಣುಮಗಳೊಬ್ಬಳು ಕ್ಯಾಬಿನ್ ಮೆಟ್ಟಿಲ ಕೆಳಗೆ ಬಂದು ನಿಂತಳು. ಪಕ್ಕದಲ್ಲಿ ವಯಸ್ಸಾದ ಹೆಂಗಸು. ‘ಅಣ್ಣಾರೆ, ಆ ತಾಯಿ ಬಾಗ್ಲಾಗೆ ಕುಂತು ಕಾಯ್ತಾಳಲ್ಲ, ಅದನ್ನ ಯಾಕ್ ತೆಗದ್ರಿ? ನಮ್ಮತ್ತೆಗೆ ಅದನ್ನೇ ತೋರ್ಸಾಕೆ ಕರ್ಕಂಡ್ ಬಂದಿದ್ದೆ.’ ಪ್ರಿಂಟ್ ಹರಿದಿತ್ತಮ್ಮ ಎಂದು ಸುಳ್ಳು ಹೇಳಿದೆ. ‘ಹರಿಯಾಕೆ ಅದೇ ಸಿಕ್ತಾ?’ ಅಂದು ಹೋದಳು. ಮರುದಿನ ಮ್ಯಾಟ್ನಿಗೇ ತುಂಡು ವಾಪಸ್ ಸೇರಿಸಿ ಮಾಲೀಕರಿಂದ ಬೈಸಿಕೊಂಡೆ. ಜಾಯಿಂಟಿಗೆ ಒಂದೆರಡು ಫ್ರೇಮ್ ಹೋಗಿದ್ದರಿಂದ ಆ ಪ್ರಿಂಟ್ ನಮ್ಮಲ್ಲಿದ್ದಷ್ಟು ದಿನವೂ ಅಲ್ಲಿ ತೆರೆ ಜಿಗಿಯುತ್ತಿತ್ತು. ಆ ಮ್ಯಾಟ್ನಿಯಲ್ಲೇ ಮೊದಲ ಸಲ ನಾನು ಆ ದೃಶ್ಯ ಬಂದಾಗ ತಲೆಗಳ ಕಡೆ ನೋಡಿದ್ದು. ಒಂದೂ ಅಲ್ಲಾಡಲಿಲ್ಲ.

ಈಗ ನಿಮ್ಮವರ ಪಟ್ಟಿಗೆ ಬರುತ್ತೇನೆ. ‘ಶಾಖಾಹಾರಿ’ಯನ್ನು ‘ಮಲೆನಾಡ ಮಳೆಯಷ್ಟೇ ನಿಧಾನ’ ಎಂದಿದ್ದಾರೆ. ಮಾತು ಚೆಂದ ಇದೆ. ಆದರೆ ಮಲೆನಾಡ ಮಳೆ ನಿಧಾನ ಎಂದು ಇವರಿಗೆ ಹೇಳಿದವರು ಯಾರು? ಆ ಸಿನಿಮಾದ ಸುಬ್ಬಣ್ಣ ಹೋಟೆಲ್ ನಡೆಸುವವನು, ಪೊಲೀಸರಿಂದ ತಪ್ಪಿಸಿಕೊಂಡು ಗಾಯಗೊಂಡು ಬಂದವನಿಗೆ ಆಸರೆ ಕೊಟ್ಟು ಸಿಕ್ಕಿಕೊಳ್ಳುವವನು. ಒಳಗೆ ಅಂಥದ್ದನ್ನು ಇಟ್ಟುಕೊಂಡು ಹೊರಗೆ ಗಿರಾಕಿಗೆ ಎಂದಿನ ಮುಖದಲ್ಲಿ ಬಡಿಸಬೇಕು. ಅವನು ಗಡಿಬಿಡಿ ಮಾಡಿದರೆ ಕಥೆ ಅಲ್ಲಿಗೇ ಮುಗಿಯಿತಲ್ಲ! ರಂಗಾಯಣ ರಘು ಅವರನ್ನು ನಮ್ಮ ಸಿನಿಮಾದವರು ಎಷ್ಟೋ ವರ್ಷ ಬರೀ ಕೂಗುವುದಕ್ಕೆ ಇಟ್ಟುಕೊಂಡಿದ್ದರು. ಇಲ್ಲಿ ಅವರು ಬಾಯಿ ಮುಚ್ಚಿಕೊಂಡು ಒಲೆ ಮುಂದೆ ನಿಂತಾಗ ನನಗೆ ಆ ಕಾಯುವ ತಾಯಿಯ ನೆನಪಾಯಿತು. ಮಗನ ಮನೆಯ ಟಿವಿಯಲ್ಲಿ ನೋಡಿದ್ದು. ಮೊಮ್ಮಗ ಕೂಡ ರಿಮೋಟಿಗೆ ಕೈ ಹಾಕಲಿಲ್ಲ.

‘ಸಪ್ತ ಸಾಗರದಾಚೆ ಎಲ್ಲೋ’ ಎರಡು ಭಾಗ, 2023ರ ಸೆಪ್ಟೆಂಬರ್ 1ಕ್ಕೆ ಒಂದು, ನವೆಂಬರ್ 17ಕ್ಕೆ ಇನ್ನೊಂದು. ಎರಡಕ್ಕೂ ಸೇರಿಸಿ ಒಂದೇ ‘ನಿಧಾನ’ ಹಾಕಿದ್ದಾರೆ. ಮೊದಲನೆಯದು ಜೈಲಿನಲ್ಲಿರುವವನಿಗಾಗಿ ಹುಡುಗಿ ಕಾಯುವ ಕಥೆ. ಕಾಯುವುದು ಬೇಗ ಬೇಗ ಆಗುತ್ತದೆಯೇ? ಎರಡನೆಯದರಲ್ಲಿ ಮಾತ್ರ ನಾನು ನಿಮ್ಮ ವಿಮರ್ಶಕರ ಕಡೆ. ಜೈಲಿನಿಂದ ಬಿಡುಗಡೆಯಾದ ಮನು, ಮದುವೆಯಾಗಿ ಹೋದ ಪ್ರಿಯಾಳ ಮನೆಯ ಸುತ್ತ ಸುಳಿಯುತ್ತಾನೆ, ಸುಳಿಯುತ್ತಲೇ ಇರುತ್ತಾನೆ. ಅಲ್ಲಿ ನಾನು ಎರಡು ಸಲ ಗಡಿಯಾರ ನೋಡಿದೆ, ಮುಂದಿನ ಸಾಲಿನಲ್ಲಿ ಮೂರು ಫೋನ್ ಹೊತ್ತಿಕೊಂಡವು. ನಮ್ಮ ಕಾಲದ ಬಾಗಿಲ ಪರದೆ ಈಗ ಫೋನಿನ ಬೆಳಕಾಗಿದೆ. ಹೀಗೆ ಇಂಥಲ್ಲಿ ಎಂದು ಬರೆದರೆ ಓದುವವನಿಗೂ ಉಪಯೋಗ, ಮುಂದೆ ಸಿನಿಮಾ ಮಾಡುವವನಿಗೂ ಉಪಯೋಗ.

ಇನ್ನು ಅವರು ಬಾಯಿತುಂಬ ಹೊಗಳಿದ ವೇಗ. 2022ರ ‘ಕೆ.ಜಿ.ಎಫ್. ಚಾಪ್ಟರ್ 2’ರ ಸಂಕಲನಕ್ಕೆ ಇಡೀ ಒಂದು ಕಾಲಂ ಮೀಸಲಿಟ್ಟಿದ್ದಾರೆ. ಮಾಡಿದವರು ಉಜ್ವಲ್ ಕುಲಕರ್ಣಿ, ಕಲಬುರಗಿ ಕಡೆಯ ಹುಡುಗ, ಆಗಿನ್ನೂ ಇಪ್ಪತ್ತರ ಆಸುಪಾಸು. ಅಷ್ಟು ಚಿಕ್ಕ ವಯಸ್ಸಿಗೆ ಅಷ್ಟು ದೊಡ್ಡ ಕೆಲಸ ಎಂಬುದಕ್ಕೆ ನನ್ನ ಸಲಾಮು. ಆದರೆ ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ತೆರೆ ಪಟಕ್ಕನೆ ಕಪ್ಪಾಗುತ್ತದೆ, ಮತ್ತೆ ಹೊತ್ತಿಕೊಳ್ಳುತ್ತದೆ, ಮತ್ತೆ ಕಪ್ಪು. ಅರ್ಧ ತಾಸು ನನ್ನ ಬಲಗೈ ತನ್ನಷ್ಟಕ್ಕೆ ಕುರ್ಚಿ ಕೈ ಮೇಲೆ ತಿರುಪು ಹುಡುಕುತ್ತಿತ್ತು, ಕಾರ್ಬನ್ ಆರಿತೇನೋ ಅಂತ. ಪಕ್ಕದ ಹುಡುಗ ‘ಯಾಕಜ್ಜ, ಹುಷಾರಿದ್ದೀರಾ’ ಎಂದು ಕೇಳಿದ. ಕಣ್ಣಿಗೆ ಹಿಡಿದು ನೋಡಲು ಏನೂ ಕೊಡದೆ ಓಡಿಸುವುದೂ ಬೇಜಾರೇ. ಅದನ್ನು ನಿಮ್ಮವರು ನಿಧಾನ ಎಂದು ಕರೆಯುವುದಿಲ್ಲ, ಅಷ್ಟೇ ವ್ಯತ್ಯಾಸ.

‘ಕಾಂತಾರ’ದ ಕೊನೆಯ ಇಪ್ಪತ್ತು ನಿಮಿಷದ ಬಗ್ಗೆ ಅವರು ಬರೆದದ್ದಕ್ಕೆಲ್ಲ ನನ್ನ ಸಹಿ ಇದೆ. ನಮ್ಮೂರ ಟಾಕೀಸಿನಲ್ಲಿ ಆ ಹೊತ್ತು ಕಡಲೆಕಾಯಿ ಸಿಪ್ಪೆಯ ಸದ್ದೂ ಇರಲಿಲ್ಲ. ಆದರೆ ಮೊದಲರ್ಧದಲ್ಲಿ ನಾಯಕ ಆ ಹುಡುಗಿಯ ಸೊಂಟ ಚಿವುಟುತ್ತಾನಲ್ಲ, ಅದರ ಬಗ್ಗೆ ಒಂದಕ್ಷರ ಇಲ್ಲ. ನನ್ನ ಮನೆಯಾಕೆ ಅಲ್ಲೇ ಕಿವಿಯಲ್ಲಿ, ‘ಅವಳು ಫಾರೆಸ್ಟ್ ಗಾರ್ಡ್ ಅಂತೀರಿ, ಕೈಯಾಗೆ ಲಾಠಿ ಇಲ್ಲೇನು?’ ಅಂದಳು. ಆಕೆ ವಿಮರ್ಶಕಿ ಅಲ್ಲ, ಆದರೂ ಯಾವ ದೃಶ್ಯ ಎಂದು ಸರಿಯಾಗಿ ಹೇಳಿದಳು ನೋಡಿ.

‘777 ಚಾರ್ಲಿ’ಗೆ ‘ಅತಿ ಭಾವುಕ’ ಎಂದಿದ್ದಾರೆ, ಇರಲಿ, ನಾನು ಅತ್ತಿದ್ದೇನೆ, ವಾದಿಸುವ ಮುಖ ನನಗಿಲ್ಲ. 2025ರ ‘ಸು ಫ್ರಮ್ ಸೋ’ಗೂ ನಿಧಾನ ಎಂದಿಲ್ಲ. ಅದರಲ್ಲಿ ತೊಂದರೆ ಬೇರೆ. ಜನ ನಗುವ ಗದ್ದಲದಲ್ಲಿ ಮುಂದಿನ ಮಾತು ಮುಚ್ಚಿಹೋಗುತ್ತಿತ್ತು. ಜೊತೆಗೆ ಕರಾವಳಿಯ ಮಾತು ನಮಗೆ ಅರ್ಧ ಸೆಕೆಂಡ್ ತಡವಾಗಿ ಇಳಿಯುತ್ತದೆ. ‘ಏನಂದ, ಏನಂದ’ ಎಂದು ಹಿಂದಿನ ಸಾಲಿನವರು ಕೇಳುತ್ತಲೇ ನಗುತ್ತಿದ್ದರು. ‘ಕರಾವಳಿ ಭಾಷೆಯ ಸೊಗಡು’ ಎಂದು ನಿಮ್ಮವರು ಬರೆದದ್ದು ಸರಿ. ನಮ್ಮ ಬಯಲುಸೀಮೆಯ ಮಾತು ಸಿನಿಮಾದಲ್ಲಿ ಬರುವುದು ಕಾಮಿಡಿಯವನ ಬಾಯಲ್ಲೋ ರೌಡಿಯ ಬಾಯಲ್ಲೋ. ಅದರ ಸೊಗಡಿನ ಬಗ್ಗೆ ಯಾವತ್ತಾದರೂ ಬರೆದಾರು ಎಂದು ಕಾಯುತ್ತಿದ್ದೇನೆ, ನಿಧಾನವಾಗಿ.

ಲೇಖನದ ಶುರುವಿನಲ್ಲಿ ‘ನಾಗರಹಾವು ಕಾಲದ ಪ್ರೇಕ್ಷಕರಿಗೆ ತಾಳ್ಮೆ ಇತ್ತು’ ಎಂದಿದ್ದಾರೆ. ತಾಳ್ಮೆ ಎಲ್ಲಿತ್ತು? ಕಾರ್ಬನ್ ಹತ್ತು ಸೆಕೆಂಡ್ ಆರಿದರೆ ನನ್ನ ಮನೆತನದವರನ್ನೆಲ್ಲ ನೆನೆಯುತ್ತಿದ್ದರು. 1972ರ ಆ ಸಿನಿಮಾ ಮತ್ತೆ ಬಂದಾಗ ನಾನು ಓಡಿಸಿದ್ದೇನೆ, ಹೆಚ್ಚುಕಡಿಮೆ ಮೂರು ತಾಸು, ಹದಿನಾರು ಸಾವಿರ ಅಡಿ. ಅದೇ ಜನ, ಅದೇ ಬೀಡಿ. ಚಾಮಯ್ಯ ಮೇಷ್ಟ್ರು ರಾಮಾಚಾರಿಯ ಮುಂದೆ ಬಂದು ನಿಂತರೆ ಎದ್ದವನೂ ಬಾಗಿಲ ಹತ್ತಿರವೇ ನಿಂತು ನೋಡುತ್ತಿದ್ದ. 2018ರಲ್ಲಿ ಹೊಸ ಸೌಂಡ್ ಹಾಕಿ ಮತ್ತೆ ಬಿಡುಗಡೆ ಮಾಡಿದಾಗ ನೋಡಿದವರು ಈಗಿನ ಹುಡುಗರೇ, ಫೋನ್ ಇದ್ದವರೇ.

ಕೊನೆಗೊಂದು ತಿದ್ದುಪಡಿ, ಇದನ್ನಾದರೂ ಹಾಕಿ. ಅದೇ ಲೇಖನದಲ್ಲಿ ‘ನಾಗರಹಾವು’ ಸಿನಿಮಾದ ಓಬವ್ವನ ಪಾತ್ರ ಮಾಡಿದ್ದು ಆರತಿ ಎಂದು ಅಚ್ಚಾಗಿದೆ. ಆರತಿ ಮಾಡಿದ್ದು ಅಲಮೇಲು, ಮಾರ್ಗರೆಟ್ ಆಗಿದ್ದು ಶುಭಾ. ಓಬವ್ವ ಜಯಂತಿ. ದುರ್ಗದಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು.

ಇಂತಿ,
ನಿವೃತ್ತ ಟಾಕೀಸ್ ಆಪರೇಟರ್
ನಿಟ್ಟುವಳ್ಳಿ, ದಾವಣಗೆರೆ

(ಹೆಸರು ಪ್ರಕಟಿಸಬೇಡಿ. ಆ ಮುನ್ನೂರು ಅಡಿಯ ವಿಷಯ ಬರೆದಿದ್ದೇನೆ, ಮಾಲೀಕರ ಮಕ್ಕಳು ನಿಮ್ಮ ಪೇಪರ್ ತರಿಸುತ್ತಾರೆ.)